ಪ್ರತಿಕ್ರಿಯೆ: 400 ನ್ಯಾನೋಮೀಟರ್ ಕಣಕ್ಕೆ ಫೋಲಿಕ್ ಆಸಿಡ್ ಅಂಟಿಸಬೇಕಾ?

ನಮಸ್ಕಾರ, ಶಿವಮೊಗ್ಗದಲ್ಲಿ ಎಂಎಸ್ಸಿ ಪ್ರಾಜೆಕ್ಟ್‌ಗೆ ಪಿಎಲ್‌ಜಿಎ (ದೇಹದಲ್ಲಿ ತಾನೇ ಒಡೆದು ಹೋಗೋ ಪಾಲಿಮರ್) ಕಣದೊಳಗೆ ಅರಿಶಿನದ ಕರ್ಕ್ಯುಮಿನ್ ತುಂಬಿದೀನಿ, ಸೈಜು 400 ಬರ್ತಿದೆ, ಈಗ ಫೋಲಿಕ್ ಆಸಿಡ್ (ಒಂದು ಬಿ ವಿಟಮಿನ್) ಅಂಟಿಸಿದ್ರೆ ಸೀದಾ ಕ್ಯಾನ್ಸರ್ ಕೋಶಕ್ಕೇ ಹೋಗುತ್ತಾ ಅಂತ ಕೇಳಿದೀರಲ್ಲ, ಇಲ್ಲ, ಹೋಗಲ್ಲ. ಫೋಲಿಕ್ ಆಸಿಡ್ ಕಣಾನ ಎಳ್ಕೊಂಡು ಹೋಗಲ್ಲ ಮಾರಾಯ್ರೆ, ರಕ್ತದಲ್ಲಿ ಸುತ್ತಿ ಗಡ್ಡೆ ಹತ್ರ ಬಂದ್ಮೇಲೆ ಕೋಶದ ಮೇಲಿರೋ, ಫೋಲಿಕ್ ಆಸಿಡ್ ಹಿಡಿಯೋ ರಿಸೆಪ್ಟರ್‌ಗೆ ಕಚ್ಚಿಕೊಳ್ಳುತ್ತೆ ಅಷ್ಟೇ, ಸೈಜು 200 ದಾಟಿದ್ರೆ ಅಲ್ಲಿಗೆ ಮುಟ್ಟೋ ಮೊದ್ಲೇ ಲಿವರ್ರು ಗುಲ್ಮ ಸೇರಿ ಹೆಚ್ಚಿನ ಪಾಲು ಹಿಡಿದು ಹಾಕ್ತವೆ.

ಮೊದ್ಲು ಸೈಜು ಇಳಿಸಿ. ಅಸಿಟೋನ್‌ನಲ್ಲಿ ಪಾಲಿಮರ್ ತೆಳು ಮಾಡಿ, ಜೋರಾಗಿ ತಿರುಗ್ತಿರೋ ನೀರಿಗೆ ಹನಿಹನಿಯಾಗಿ ಬಿಡಿ. ಆಮೇಲೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್, ನೀರಿಗೆ ಒಗ್ಗೋ ಉದ್ದ ಸರಪಳಿ) ಇರೋ ಪಿಎಲ್‌ಜಿಎ ತಗೊಂಡು ಆ ಪೆಗ್ ತುದಿಗೆ ಫೋಲಿಕ್ ಆಸಿಡ್ ಕೂರಿಸಿ, ಇಲ್ಲಾಂದ್ರೆ ರಕ್ತದ ಪ್ರೋಟೀನು ಕಣದ ಮೇಲೆ ಕವಚ ಕಟ್ಟಿ ಫೋಲಿಕ್ ಆಸಿಡನ್ನ ಮುಚ್ಚಿಬಿಡುತ್ತೆ.

ಇನ್ನೊಂದು, ನಮ್ಮ ಮಳೆಗಾಲದ ಥಂಡಿ ಗೊತ್ತಲ್ಲ, ಪಿಎಲ್‌ಜಿಎ ತೇವಕ್ಕೆ ತಾನೇ ಒಡೆಯೋ ಪಾಲಿಮರ್ರು, ಫ್ರೀಜರಿಂದ ತೆಗೆದ ಬಾಟ್ಲಿನ ರೂಮ್ ಬಿಸಿಗೆ ಬರೋ ತನಕ ತೆಗೀಬೇಡಿ, ಒಳಗೇ ನೀರು ಕಟ್ಟುತ್ತೆ.

ಕೋಶದ ಮೇಲೆ ಟೆಸ್ಟ್ ಮಾಡೋವಾಗ ಫೋಲೇಟ್ (ಫೋಲಿಕ್ ಆಸಿಡ್ ಜಾತಿ) ಇಲ್ದಿರೋ ಮೀಡಿಯಾನೇ (ಕೋಶ ಬೆಳೆಸೋ ದ್ರಾವಣ) ಕೇಳಿ ತರಿಸಿ. ಮಾಮೂಲಿ ಮೀಡಿಯಾದಲ್ಲಿ ಫೋಲಿಕ್ ಆಸಿಡ್ ಬೇಕಾದಷ್ಟಿರುತ್ತೆ, ರಿಸೆಪ್ಟರ್ ಮೇಲೆ ನಿಮ್ಮ ಕಣಕ್ಕೆ ಜಾಗನೇ ಸಿಗಲ್ಲ.