ಕೂಗಿಗೆ ಹೆಜ್ಜೆಯಿಡುವ ಕುಣಿತ

ಪ್ರಶ್ನೆ: ಅಮೆರಿಕದ ಸ್ಕ್ವೇರ್ ಡಾನ್ಸ್‌ನಲ್ಲಿ ಒಬ್ಬರು ನಿಂತು ಕೂಗುತ್ತಿರುತ್ತಾರಲ್ಲ, ಅದು ಹಾಡೇ? ನಮ್ಮೂರಿನ ಕೋಲಾಟದಲ್ಲಿ ಹಾಗಿಲ್ಲ.
– ಓದುಗರೊಬ್ಬರು, ಮಂಡ್ಯ

ಉತ್ತರ: ಅದು ಮುಖ್ಯವಾಗಿ ಸೂಚನೆ. ನಾಲ್ಕು ಜೋಡಿಗಳು ಚೌಕದ ನಾಲ್ಕು ಬದಿಗಳಲ್ಲಿ ಮುಖಾಮುಖಿಯಾಗಿ ನಿಂತಿರುವಾಗ, ಮುಂದಿನ ಚಲನೆ ಯಾವುದೆಂಬುದನ್ನು ‘ಕಾಲರ್’ ಎನಿಸಿದವರು ತಾಳ ತಪ್ಪದಂತೆ, ತುಸು ಮುಂಚಿತವಾಗಿಯೇ ಕೂಗಿ ತಿಳಿಸುತ್ತಾರೆ. ಕೆಲವೊಮ್ಮೆ ಅದನ್ನೇ ರಾಗವಾಗಿ ಹಾಡುವುದೂ ಉಂಟು. ಕುಣಿಯುವವರು ಚಲನೆಗಳನ್ನು ಮೊದಲೇ ಕಲಿತಿದ್ದರೂ ಅವುಗಳ ಕ್ರಮವನ್ನು ಆ ಕೂಗಿನಿಂದಲೇ ಅರಿಯುತ್ತಾರೆ. ಚೌಕದ ವಿನ್ಯಾಸವು ಫ್ರಾನ್ಸಿನ ಕೊಟಿಲ್ಯಾನ್, ಕ್ವಾಡ್ರಿಲ್ ನೃತ್ಯಗಳಿಂದ ಬಂದಿತಾದರೂ, ಕೂಗಿ ನಡೆಸುವ ಪದ್ಧತಿಯನ್ನು ಬೆಳೆಸುವಲ್ಲಿ ಗುಲಾಮಗಿರಿಯಲ್ಲಿ ನೊಂದ ಕಪ್ಪು ಪಿಟೀಲುವಾದಕರ ಪಾಲು ದೊಡ್ಡದು. ಇದನ್ನು ಒತ್ತಿ ಹೇಳಲೇಬೇಕು. ಜೊತೆಗೆ ನುಡಿಯುವ ಬ್ಯಾಂಜೊ ವಾದ್ಯದ ಮೂಲವೂ ಆಫ್ರಿಕಾದ್ದೇ. ಪಿಟೀಲಿನ ಮಟ್ಟು ಸಾಮಾನ್ಯವಾಗಿ ಎರಡು ಭಾಗಗಳದ್ದು. ಪ್ರತಿ ಭಾಗವನ್ನೂ ಎರಡು ಬಾರಿ ನುಡಿಸಿದರೆ 64 ಎಣಿಕೆಯ ಒಂದು ಸುತ್ತು ಮುಗಿಯುತ್ತದೆ.