ಎಲ್ಲರೂ ಸಸ್ಯಾಹಾರಿಗಳಾದರೆ ನಮ್ಮ ಕೊಟ್ಟಿಗೆಯ ಗತಿ ಏನು: ಕುರಿ ಶೆಡ್ಡಿನ ಪ್ರಶ್ನೆಗೆ ನನ್ನ ಉತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ಕಡೂರು ಕಡೆಯ ಯುವ ಸದಸ್ಯರೊಬ್ಬರು ಮೊನ್ನೆ ಒಂದು ಪ್ರಶ್ನೆ ಕೇಳಿದ್ದರು. ಪ್ರಪಂಚದವರೆಲ್ಲ ಸಸ್ಯಾಹಾರಿಗಳಾದರೆ ಕೃಷಿಭೂಮಿಯ ಮುಕ್ಕಾಲು ಪಾಲು ಉಳಿಯುತ್ತದೆಯಂತೆ, ಹಾಗಿದ್ದ ಮೇಲೆ ಸಾಲ ಮಾಡಿ ಐವತ್ತು ಕುರಿಗಳಿಗೆ ಶೆಡ್ ಕಟ್ಟುವುದು ಸರಿಯೇ ಎಂದು. ಅದಕ್ಕೆ ಇನ್ನೊಬ್ಬರು, ಮಾಂಸ ಬಿಟ್ಟರೆ ದನಗಳೂ ಉಳಿಯುತ್ತವೆ, ಹಾಲು ಗೊಬ್ಬರಗಳಿಗೂ ಕೊರತೆಯಾಗುವುದಿಲ್ಲ ಎಂದು ಉತ್ತರಿಸಿದ್ದರು. ಇಬ್ಬರ ಮಾತಿನಲ್ಲೂ ಹಾಲಿನ ಲೆಕ್ಕ ಬಿಟ್ಟುಹೋಗಿದೆ. ಬೇಲೂರು ತಾಲೂಕಿನ ಅರೆಮಲೆನಾಡಿನಲ್ಲಿ ನಾಲ್ಕು ಎಕರೆ ಕಾಫಿ, ಎರಡು ಎಕರೆ ಹೊಲ, ಮೂರು ಕರೆಯುವ ಹಸುಗಳನ್ನು ಇಟ್ಟುಕೊಂಡಿರುವ ನನಗೆ ಇದು ದಿನನಿತ್ಯದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆ ಮುಕ್ಕಾಲು ಪಾಲಿನ ಮಾತು. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 119 ದೇಶಗಳ ಸುಮಾರು 38,000 ಜಮೀನುಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನದಿಂದ ಅದು ಬಂದಿದೆ. ಆಹಾರಕ್ಕಾಗಿ ಬಳಸುವ ಭೂಮಿಯಲ್ಲಿ ಶೇ. 76ರಷ್ಟು ಉಳಿಯಬಹುದು ಎಂದು ಅದರಲ್ಲಿರುವುದು ನಿಜ. ಆದರೆ ಅದು ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪವನ್ನೂ ಪೂರ್ತಿಯಾಗಿ ಬಿಟ್ಟ ಜಗತ್ತಿನ ಲೆಕ್ಕ. ನಮ್ಮಲ್ಲಿ ಸಸ್ಯಾಹಾರಿ ಎಂದರೆ ಹಾಲು ಕುಡಿಯುವವರು. ಇನ್ನೂ ಒಂದು ವಿಷಯವೆಂದರೆ, ಉಳಿಯುವ ಆ ಭೂಮಿಯಲ್ಲಿ ಬಹುಪಾಲು ಹುಲ್ಲುಗಾವಲು. ಉತ್ತು ಬಿತ್ತುವ ಭೂಮಿಯನ್ನು ಮಾತ್ರ ನೋಡಿದರೆ ಉಳಿತಾಯ ಶೇ. 19ರಷ್ಟು ಎಂದು ಅದೇ ಅಧ್ಯಯನ ಹೇಳುತ್ತದೆ. ಬ್ರೆಜಿಲ್ಲಿನಲ್ಲಿ ಅಮೆಜಾನ್ ಕಾಡು ಕಡಿದು ದನ ಮೇಯಿಸುತ್ತಿರುವ ಕಡೆ, ಅಮೆರಿಕದಲ್ಲಿ ಜೋಳ, ಸೋಯಾ ತಿನ್ನಿಸಿ ದನ ಕೊಬ್ಬಿಸುವ ಕಡೆ ಈ ಬದಲಾವಣೆಯಿಂದ ಬಹಳ ಒಳ್ಳೆಯದಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಲ್ಲಿನ ಅಳತೆಗೋಲನ್ನು ತಂದು ರಾಗಿ ಹುಲ್ಲು, ಬೂಸಾ, ಹಿಂಡಿ, ತವಡು ತಿಂದು ಬದುಕುವ ನಮ್ಮ ದನಗಳಿಗೆ ಹಿಡಿಯುವುದು ಸರಿಯಲ್ಲ. ಇವು ತಿನ್ನುವುದರಲ್ಲಿ ಹೆಚ್ಚಿನದು ಮನುಷ್ಯರು ತಿನ್ನಲಾಗದ್ದು.

ಈಗ ಹಾಲಿಗೆ ಬರೋಣ. ಕರು ಹಾಕದೆ ಹಸು ಹಾಲು ಕೊಡುವುದಿಲ್ಲ. ಒಂದು ಊರಿನಲ್ಲಿ 100 ಹಸುಗಳಿವೆ, ಒಂದೊಂದೂ ಹದಿನೈದು ತಿಂಗಳಿಗೊಮ್ಮೆ ಕರು ಹಾಕುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 80 ಕರುಗಳು ಹುಟ್ಟುತ್ತವೆ, ಅದರಲ್ಲಿ ಹೆಚ್ಚುಕಡಿಮೆ 40 ಹೋರಿ. ಮೂರನೆಯ ವಯಸ್ಸಿನಿಂದ ಹತ್ತರವರೆಗೆ ಹಸು ಕರೆಯುತ್ತದೆ ಎಂದರೆ, ಆ ನೂರನ್ನು ನೂರಾಗಿಯೇ ಉಳಿಸಿಕೊಳ್ಳಲು ವರ್ಷಕ್ಕೆ 14 ಕಡಸುಗಳು ಸಾಕು. ಹುಟ್ಟುವುದು 80, ಬೇಕಾಗಿರುವುದು 14. ಮಿಕ್ಕ 66 ಎಲ್ಲಿಗೆ ಹೋಗಬೇಕು? ಹೋರಿಗಳು ಹದಿನೈದು ವರ್ಷ ಬದುಕಿದರೆ ಅವೇ 600 ಆಗುತ್ತವೆ. ಕಾಯಿಲೆ, ಸಾವು ಎಂದು ಅರ್ಧ ಕಳೆದರೂ 300. ಹಾಲು ಬತ್ತಿದ ಮುದಿ ಹಸುಗಳು ಇನ್ನೊಂದು ಐವತ್ತಾದರೂ ಇರುತ್ತವೆ. ಎಂದರೆ ಮಾಂಸ ತಿನ್ನುವವರು ಯಾರೂ ಇಲ್ಲದ, ಆದರೆ ಹಾಲು ಎಲ್ಲರಿಗೂ ಬೇಕಾದ ಊರಿನಲ್ಲಿ 100 ಹಸುಗಳ ಹಾಲು ಮಾರಿ ಅವುಗಳ ಜೊತೆಗೆ ಕರೆಯದ ಕನಿಷ್ಠ 350 ದನಗಳ ಹೊಟ್ಟೆಯನ್ನೂ ತುಂಬಿಸಬೇಕು. ದೊಡ್ಡ ದನವೊಂದಕ್ಕೆ ದಿನಕ್ಕೆ ಐದಾರು ಕಿಲೋ ಒಣಹುಲ್ಲು, ಇಪ್ಪತ್ತು ಕಿಲೋ ಹಸಿಮೇವು ಬೇಕೆಂಬುದು ಎಲ್ಲರಿಗೂ ಗೊತ್ತಿರುವುದೇ. ಅಷ್ಟು ಮೇವಿಗೆ ಜಾಗ ಬೇಕು. ಮುದಿ ದನವೂ ಮೆಲುಕು ಹಾಕುವಾಗ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಬಿಡುತ್ತದೆ. ಹಾಗಾಗಿ ಭೂಮಿ ಮತ್ತು ಹವೆ ಎರಡೂ ಉಳಿಯುತ್ತವೆ ಎಂಬ ನಿರೀಕ್ಷೆ ಇಲ್ಲಿಯೇ ಅರ್ಧ ಕರಗಿಹೋಗುತ್ತದೆ.

ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಕೊಡಿಸಿದರೆ ಈ ಸಮಸ್ಯೆ ತೀರುತ್ತದೆ ಎಂದು ಕೆಲವರು ಹೇಳುತ್ತಾರೆ. ಹತ್ತರಲ್ಲಿ ಒಂಬತ್ತು ಹೆಣ್ಣು ಹುಟ್ಟಬಹುದು, ನಿಜ. ಆದರೆ ಹುಟ್ಟುವ ಸಂಖ್ಯೆ 80 ಆಗಿಯೇ ಇರುತ್ತದೆ, ಬೇಕಾದದ್ದೂ 14 ಆಗಿಯೇ ಇರುತ್ತದೆ. ಹೆಚ್ಚಾದ ಕಡಸುಗಳನ್ನು ಕೊಳ್ಳುವವರಿರುವವರೆಗೆ ಮಾತ್ರ ಅದು ಲಾಭ.

ನಮ್ಮ ಜಿಲ್ಲೆಗಳ ಹಿಂದಿನ ವ್ಯವಸ್ಥೆ ಹೀಗಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ (ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಇಲಾಖೆ) ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಅಜ್ಜಂಪುರ, ಬೀರೂರು, ಕಡೂರು, ಅರಸೀಕೆರೆಗಳ ಸುತ್ತಲಿನ ಕಾವಲುಗಳಲ್ಲಿ, ಅಂದರೆ ದನ ಮೇಯಿಸಲು ಕಾದಿರಿಸಿದ ಹುಲ್ಲುಗಾವಲುಗಳಲ್ಲಿ, ಆ ತಳಿಯನ್ನು ಬೆಳೆಸಿದ್ದು ಮುಖ್ಯವಾಗಿ ಎತ್ತಿಗಾಗಿ, ಸೈನ್ಯದ ಬಂಡಿ ಎಳೆಯುವ ಎತ್ತಿಗಾಗಿ. ಹಳ್ಳಿಕಾರ್ ಕೂಡ ಹಾಗೆಯೇ. ಆಗ ಹೋರಿ ಕರು ಹುಟ್ಟಿದರೆ ಮನೆಯಲ್ಲಿ ಸಂತೋಷ. ಅದಕ್ಕೆ ಜಾತ್ರೆಯಲ್ಲಿ ಬೆಲೆ, ಹೊಲದಲ್ಲಿ ಕೆಲಸ. ಹೊಲಕ್ಕೆ ಟ್ರ್ಯಾಕ್ಟರು, ಗದ್ದೆಗೆ ಟಿಲ್ಲರು, ಕೊಟ್ಟಿಗೆಗೆ ಹೆಚ್ಚು ಹಾಲು ಕೊಡುವ ವಿದೇಶಿ ತಳಿ ಎಚ್‌ಎಫ್ ಬಂದ ಮೇಲೆ ಹೋರಿಗೆ ಯಾವ ಕೆಲಸವೂ ಉಳಿಯಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಹಸು ಹೋರಿ ಕರು ಹಾಕಿದಾಗ ಸುಮ್ಮನೆ ಕೊಡುತ್ತೇನೆಂದರೂ ಸಾಕಲು ಒಯ್ಯುವವರು ಸಿಗಲಿಲ್ಲ. ಅದು ಇವತ್ತಿಗೂ ನಮ್ಮ ಕೊಟ್ಟಿಗೆಯಲ್ಲಿದೆ, ಅದರ ಮೇವಿನ ಖರ್ಚು ಅದರ ತಾಯಿಯ ಹಾಲಿನ ದುಡ್ಡಿನಿಂದಲೇ ಹೋಗುತ್ತಿದೆ. ಎಲ್ಲರಿಗೂ ಹೀಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಹೋರಿ ಕರುವಿಗೆ ಹಾಲು ಬಿಡದೆ ಅದು ತಾನಾಗಿ ಸಾಯಲಿ ಎಂದು ಬಿಡುವವರನ್ನೂ ಕಂಡಿದ್ದೇನೆ, ಅದು ನನಗೆ ಬಹಳ ನೋವು ಕೊಡುವ ವಿಷಯ. 2019ರ ಜಾನುವಾರು ಗಣತಿಯಲ್ಲಿ ದೇಶದ ಬೀಡಾಡಿ ದನಗಳ ಸಂಖ್ಯೆ ಸುಮಾರು 50 ಲಕ್ಷ ಎಂದು ಬಂದಿತ್ತು. ನಮ್ಮ ರಾಜ್ಯದ 2020ರ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟರೆ ಬೇರೆ ದನ ಎಮ್ಮೆಗಳ ವಧೆಗೆ ಅವಕಾಶವಿಲ್ಲ. ಆ ಕಾಯ್ದೆಯ ಚರ್ಚೆ ಇಲ್ಲಿ ಬೇಡ. ಆದರೆ ಮಾಂಸ ಬಿಟ್ಟರೆ ದನಗಳು ಉಳಿಯುತ್ತವೆ ಎನ್ನುವವರು, ಉಳಿದ ದನದ ಮೇವಿನ ಖರ್ಚನ್ನು ಲೀಟರ್ ಹಾಲಿನ ಬೆಲೆಯಲ್ಲಿ ಕೊಡಲು ತಾವು ಸಿದ್ಧರಿದ್ದೇವೆಯೇ ಎಂಬುದನ್ನೂ ಹೇಳಬೇಕು.

ಗೊಬ್ಬರದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ದನ ಸಾರಜನಕವನ್ನು ಸೃಷ್ಟಿಸುವುದಿಲ್ಲ. ಒಂದು ಕಡೆಯದನ್ನು ಇನ್ನೊಂದು ಕಡೆಗೆ ಸಾಗಿಸುತ್ತದೆ, ಅಷ್ಟೆ. ಕಾವಲಿನಲ್ಲಿ ಮೇದು ಬಂದು ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತದೆ, ನಾವು ಅದನ್ನು ತೋಟಕ್ಕೆ ಹಾಕುತ್ತೇವೆ. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರಿಗಾರರನ್ನು ಕರೆಸಿ ಹೊಲದಲ್ಲಿ ಮಂದೆ ನಿಲ್ಲಿಸುವುದರ ಅರ್ಥವೂ ಇದೇ. ದಾವಣಗೆರೆ ಕಡೆಯ ಮೆಕ್ಕೆಜೋಳ ತಿಂದ ಕೋಳಿಯ ಗೊಬ್ಬರವನ್ನು ಲಾರಿಯಲ್ಲಿ ತರಿಸಿ ಕಾಫಿಗೋ ಶುಂಠಿಗೋ ಹಾಕಿದಾಗ, ಆ ಮೆಕ್ಕೆಜೋಳಕ್ಕೆ ಹಾಕಿದ ಯೂರಿಯಾವೇ ಸುತ್ತಿಕೊಂಡು ನಮ್ಮ ತೋಟಕ್ಕೆ ಬಂದಂತೆ. ಕೋಳಿ ತಿನ್ನುವವರಿಲ್ಲದಿದ್ದರೆ ಈ ಗೊಬ್ಬರವೂ ಇಲ್ಲ, ಮೆಕ್ಕೆಜೋಳಕ್ಕೆ ಈಗಿರುವ ಬೇಡಿಕೆಯೂ ಇಲ್ಲ. ಹಳೇಬೀಡು, ಜಾವಗಲ್ ಕಡೆಯಲ್ಲಿ ಮೆಕ್ಕೆಜೋಳವನ್ನೇ ನಂಬಿದವರು ಇದನ್ನು ಗಮನಿಸಬೇಕು. ಒಂದು ದನದ ಒಂದು ವರ್ಷದ ಸಗಣಿಯಿಂದ ಹೊಲಕ್ಕೆ ಸೇರುವ ಸಾರಜನಕ, ಗಾಳಿಗೆ ಹೋಗುವುದನ್ನು ಕಳೆದರೆ, ಸುಮಾರು ಹತ್ತು ಕಿಲೋ. 45 ಕಿಲೋ ಯೂರಿಯಾ ಮೂಟೆಯ ಅರ್ಧದಲ್ಲಿ ಇಷ್ಟೇ ಇರುತ್ತದೆ. ಮಣ್ಣಿಗೆ ಸಗಣಿ ಕೊಡುವ ಜೀವಾಂಶವನ್ನು ಯೂರಿಯಾ ಕೊಡಲಾರದು ಎಂಬುದು ಬೇರೆ ಮಾತು, ಅದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಗಾಳಿಯಿಂದ ಸಾರಜನಕ ಹಿಡಿದು ಕೊಡುವುದು ಬೇಳೆಕಾಳಿನ ಜಾತಿಯ ಗಿಡಗಳು. ಸಸ್ಯಾಹಾರ ಹೆಚ್ಚಾದಷ್ಟೂ ಅವರೆ, ಹುರುಳಿ, ಅಲಸಂದೆ, ಹೆಸರು, ತೊಗರಿಗೆ ಬೇಡಿಕೆ ಹೆಚ್ಚುತ್ತದೆ, ಏಕೆಂದರೆ ನೂರು ಗ್ರಾಂ ಕಾಳಿನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಗ್ರಾಂ ಪ್ರೋಟೀನ್ ಇರುತ್ತದೆ. ಈಗಲೇ ನಮ್ಮ ದೇಶ ಮ್ಯಾನ್ಮಾರ್, ಕೆನಡಾ, ಆಸ್ಟ್ರೇಲಿಯಾ, ಆಫ್ರಿಕಾಗಳಿಂದ ಲಕ್ಷಾಂತರ ಟನ್ ಬೇಳೆಕಾಳು ತರಿಸಿಕೊಳ್ಳುತ್ತಿದೆ. ಹಾಗಾಗಿ ಯಾರು ಏನೇ ತಿನ್ನಲಿ, ರಾಗಿಯ ಸಾಲಿನಲ್ಲಿ ಅವರೆ ಅಥವಾ ತೊಗರಿ ಅಕ್ಕಡಿ ಹಾಕುವುದನ್ನು ಬಿಡಬೇಡಿ. ಆಲೂಗೆಡ್ಡೆ ಕಿತ್ತ ಹೊಲ ಖಾಲಿ ಬಿದ್ದಿದ್ದರೆ ಹುರುಳಿ ಚೆಲ್ಲಿ; ನೀರಿದ್ದರೆ ಎಕರೆಗೆ ಹದಿನೈದಿಪ್ಪತ್ತು ಕಿಲೋ ಅಪ್ಸೆಣಬು (ಹಸಿರು ಗೊಬ್ಬರದ ಬೆಳೆ) ಬೀಜ ಚೆಲ್ಲಿ, ಆರೇಳು ವಾರಕ್ಕೆ ಹೂ ಕಾಣುವಾಗ ಮಣ್ಣಿಗೆ ಸೇರಿಸಿ. ತೋಟದ ನೆರಳಿಗೆ ಹಾಲುವಾಣ, ಬೇಲಿಗೆ ಗ್ಲಿರಿಸಿಡಿಯಾ ಇದ್ದರೆ ಸೊಪ್ಪಿಗೆ ಬೇರೆ ಕಡೆ ಹುಡುಕಬೇಕಾಗಿಲ್ಲ.

ಆರೋಗ್ಯದ ಬಗ್ಗೆ ಒಂದೇ ಮಾತು. ಬಿ12 ಜೀವಸತ್ವ ಸೊಪ್ಪು ತರಕಾರಿ, ಕಾಳುಗಳಲ್ಲಿ ಸಿಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದ ಸುಮಾರು ಎರಡು ಮೈಕ್ರೋಗ್ರಾಂ, ಅರ್ಧ ಲೀಟರಿನಷ್ಟು ಹಾಲು ಮೊಸರಿನಿಂದ ಬರಬಹುದು. ಹಾಲನ್ನೂ ಬಿಡುವವರು ಮಾತ್ರೆಯನ್ನೋ ಅದನ್ನು ಸೇರಿಸಿದ ಆಹಾರವನ್ನೋ ತೆಗೆದುಕೊಳ್ಳಲೇಬೇಕು, ಮಕ್ಕಳ ಮತ್ತು ಬಸುರಿಯರ ವಿಷಯದಲ್ಲಿ ವೈದ್ಯರನ್ನು ಕೇಳದೆ ಯಾವ ಪ್ರಯೋಗವನ್ನೂ ಮಾಡಬಾರದು.

ಇನ್ನು ಕಡೂರಿನ ಸದಸ್ಯರ ಶೆಡ್ಡಿನ ಪ್ರಶ್ನೆ. ಕರ್ನಾಟಕದಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು, ನಿಮ್ಮ ಸಾಲದ ಕಂತು ಮುಗಿಯುವಷ್ಟರಲ್ಲಿ ಅದು ಬದಲಾಗುವುದಿಲ್ಲ. ಆದ್ದರಿಂದ ಪ್ರಪಂಚದ ಲೆಕ್ಕ ಬಿಟ್ಟು ಮೇವಿನ ಲೆಕ್ಕ ಹಾಕಿ. ಮೂವತ್ತು ಕಿಲೋ ತೂಗುವ ಕುರಿಗೆ ದಿನಕ್ಕೆ ಒಂದು ಕಿಲೋ ಒಣ ಅಂಶ ಬೇಕು, ಅಂದರೆ ನಾಲ್ಕೈದು ಕಿಲೋ ಹಸಿಮೇವು. ಐವತ್ತಕ್ಕೆ ದಿನಕ್ಕೆ ಇನ್ನೂರರಿಂದ ಇನ್ನೂರೈವತ್ತು ಕಿಲೋ. ಬೇಸಿಗೆಯಲ್ಲಿ ಬೋರ್‌ವೆಲ್ ನಿಂತರೂ ಅಷ್ಟು ಮೇವು ಸಿಗುತ್ತದೆಯೇ? ಕೊಂಡು ತಂದ ಮೆಕ್ಕೆಜೋಳ ಮತ್ತು ಹಿಂಡಿಯನ್ನೇ ತಿನ್ನಿಸುವ ಶೆಡ್ಡಾದರೆ ನಿಮ್ಮ ಖರ್ಚೂ ಹೆಚ್ಚು, ಮನುಷ್ಯರ ಆಹಾರವನ್ನು ಕುರಿಗೆ ಹಾಕಿದ ಹಾಗೂ ಆಗುತ್ತದೆ. ಹೊಲದ ಹುಲ್ಲು, ಹುರುಳಿ ಹೊಟ್ಟು, ಅವರೆ ಸಿಪ್ಪೆ, ಬದುವಿನ ಸುಬಾಬುಲ್ ಸೊಪ್ಪು ಇಷ್ಟರಲ್ಲಿ ಎಷ್ಟು ಕುರಿ ಸಾಕಬಹುದೋ ಅಷ್ಟರಿಂದ ಶುರು ಮಾಡಿ. ನನ್ನ ಅಂದಾಜಿನಲ್ಲಿ ನಿಮ್ಮ ಮೂರು ಎಕರೆಗೆ ಹದಿನೈದು ಕುರಿ ಸರಿಹೋಗುತ್ತದೆ. ಕಾವಲಿನಲ್ಲಿ ಮೇಯಿಸುವ ಯೋಚನೆ ಇದ್ದರೆ ಅದು ಎಲ್ಲರಿಗೂ ತೆರೆದ ಜಾಗವಲ್ಲ ಎಂಬುದು ನೆನಪಿರಲಿ. ನಿಮ್ಮ ತಾಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳಿರುವ ಸಂರಕ್ಷಿತ ಪ್ರದೇಶ. ಶೆಡ್ಡಿನ ನೆಲವನ್ನು ಮಾತ್ರ ಈಗಲೇ ಎತ್ತರಿಸಿ, ಪಟ್ಟಿಗಳ ಸಂದಿಯಿಂದ ಹಿಕ್ಕೆ ಕೆಳಗೆ ಬೀಳುವಂತೆ ಕಟ್ಟಿಸಿ. ಹಿಕ್ಕೆ ಮಳೆಗೆ ನೆನೆಯದಂತೆ ನೋಡಿಕೊಂಡರೆ ಹದಿನೈದು ಕುರಿಗಳಿಂದ ವರ್ಷಕ್ಕೆ ಎರಡು ಟನ್ ಗೊಬ್ಬರ ನಿಮ್ಮ ಹೊಲಕ್ಕೇ ಸಿಗುತ್ತದೆ.