ಗುಂಡು ಮೊದ್ಲು ನೋಡ್ಕೊಳ್ಳಿ, ಸ್ಕೋಪ್ ಆಮೇಲೆ

ಪ್ರಶ್ನೆ: ಸಾರ್, ನಮ್ದು ಸಕಲೇಶಪುರದ ಹತ್ರ ಸಣ್ಣ ಕಾಫಿ ತೋಟ. ಮಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಕೆಲ್ಸದಲ್ಲಿದ್ದಾನೆ, ಎಚ್-1ಬಿ ವೀಸಾ. ಆಫೀಸಿನವ್ರ ಜೊತೆ ಜಿಂಕೆ ಶಿಕಾರಿಗೆ ಹೋಗ್ತೀನಿ ಅಂತ ಕುಣೀತಿದ್ದಾನೆ. ಯಾರೋ ಹಳೇ .308 (ಗುಂಡಿನ ಅಗಲ, ಇಂಚಲ್ಲಿ) ರೈಫಲ್ ಕಮ್ಮಿ ರೇಟಿಗೆ ಕೊಡ್ತಾರಂತೆ. ಗುಂಡು ಅಂಗಡಿಯವನು 180 ಗ್ರೇನ್ ತಗೋ ಅಂದ್ನಂತೆ, ಗೆಳೆಯ 150 ಸಾಕು ಅಂದ್ನಂತೆ, ಸ್ಕೋಪ್‌ಗಂತೂ (ರೈಫಲ್ ಮೇಲೆ ಕೂರ್ಸೋ ದುರ್ಬೀನು) 6-24×50 ಅಂತ ರೈಫಲ್‌ಗಿಂತ ದುಬಾರಿದು ತೋರ್ಸಿದಾರೆ. ನಮ್ಮಪ್ಪನ ಜೋಡುನಳಿಗೆ ಕೋವಿಗೆ ಇದ್ಯಾವ್ದೂ ಇರ್ಲಿಲ್ಲ, ದಪ್ಪ ಚರೆಯ ಎಲ್‌ಜಿ ತೋಟಾ ಹಾಕೋರು ಹೋಗೋರು. ನೀವು ಹೇಳಿದ್ದನ್ನ ಫೋನಲ್ಲಿ ಅವ್ನಿಗೆ ಓದಿ ಹೇಳ್ತೀನಿ.
— ಒಬ್ಬ ತಾಯಿ, ಸಕಲೇಶಪುರ ತಾಲ್ಲೂಕು

ಉತ್ತರ: ಅಕ್ಕಾ, ರೈಫಲ್ ಇನ್ನೂ ಅವನ ಕೈಗೆ ಬಂದಿಲ್ಲ ತಾನೇ, ಒಳ್ಳೇದಾಯ್ತು. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇಲ್ದೆ ಎಚ್-1ಬಿ ತರದ ವೀಸಾದಲ್ಲಿರೋರು ಬಂದೂಕಾಗ್ಲಿ ಗುಂಡಾಗ್ಲಿ ಇಟ್ಕೊಳ್ಳೋ ಹಾಗಿಲ್ಲ, ಅದು ಫೆಡರಲ್ ಕಾನೂನು. ಅಲ್ಲಿನ ಯಾವ್ದಾದ್ರೂ ರಾಜ್ಯದ ಹಂಟಿಂಗ್ ಲೈಸೆನ್ಸ್ ಚಾಲ್ತಿಯಲ್ಲಿದ್ರೆ ಮಾತ್ರ ವಿನಾಯಿತಿ. ಅಂದ್ರೆ ಲೈಸೆನ್ಸ್ ಮೊದ್ಲು, ರೈಫಲ್ ಆಮೇಲೆ, ಉಲ್ಟಾ ಮಾಡಿದ್ರೆ ವೀಸಾಕ್ಕೇ ಸಂಚಕಾರ. ಟೆಕ್ಸಾಸ್ ಲೈಸೆನ್ಸು ಆಗಸ್ಟ್ 31ಕ್ಕೆ ಮುಗಿದು ಹೋಗುತ್ತೆ, ರಿನ್ಯೂ ಮಾಡ್ಸೋದು ಮರೆತು ರೈಫಲ್ ಮನೇಲಿ ಇಟ್ಕೊಂಡ್ರೂ ಅದೇ ಕಥೆ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದೋರು ಅಲ್ಲಿ ಹಂಟರ್ ಎಜುಕೇಶನ್ ಕೋರ್ಸ್ ಬೇರೆ ಮುಗಿಸ್ಬೇಕು. ನಾನು ಅದಕ್ಕಿಂತ ಮುಂಚಿನ ಗಿರಾಕಿ, ಮಗಳ ಮನೆಗೆ ಸ್ಯಾನ್ ಆಂಟೋನಿಯೋ ಕಡೆ ಹೋಗಿದ್ದಾಗ ಕೋರ್ಸ್ ತಪ್ತು, ಲೈಸೆನ್ಸ್ ತಪ್ಲಿಲ್ಲ.

ಈಗ ಗ್ರೇನ್ ಅಂದ್ರೆ ಏನು ಅಂತ. ಅದು ಮದ್ದಿನ ಕಾಳಲ್ಲ, ತೂಕದ ಲೆಕ್ಕ. ನಿಮ್ಗೆ ಚಿನ್ನದ ತೊಲ ಗೊತ್ತಲ್ಲ, ಒಂದು ತೊಲ ಅಂದ್ರೆ ಸರಿಯಾಗಿ 180 ಗ್ರೇನ್. ಅಂಗಡಿಯವನು ಹೇಳಿದ 180ರ ಗುಂಡಿನ ತೂಕ ಒಂದು ತೊಲ, ಗೆಳೆಯ ಹೇಳಿದ 150ರದ್ದು ಹತ್ತು ಗ್ರಾಂಗೆ ಚೂರು ಕಮ್ಮಿ. ಗೆಳೆಯ ಹೇಳಿದ್ದೇ ಸರಿ. 180 ಏನಿದ್ರೂ ಎಲ್ಕ್‌ನಂಥ ದೊಡ್ಡ ಮೈಯ ಪ್ರಾಣಿಗೆ. ಟೆಕ್ಸಾಸ್ ಹಿಲ್ ಕಂಟ್ರಿಯ ವೈಟ್‌ಟೇಲ್ ಜಿಂಕೆ ಅಂಥಾ ದೊಡ್ಡದೇನಲ್ಲ, ನಮ್ಮ ಕಡವೆ ಮುಂದೆ ನಿಲ್ಸಿದ್ರೆ ಕರು ತರ ಕಾಣುತ್ತೆ. 150 ಗ್ರೇನ್ ಗುಂಡು .308ರಿಂದ ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತೆ, ಒದೆತ ಕಮ್ಮಿ, ಹೊಸಬ ಕಣ್ಣು ಮುಚ್ಕೊಂಡು ಕುದುರೆ (ಟ್ರಿಗರ್) ಎಳೆಯೋದು ತಪ್ಪುತ್ತೆ.

ಆದ್ರೆ ತೂಕಕ್ಕಿಂತ ಮುಖ್ಯ ಗುಂಡಿನ ಜಾತಿ, ಇದನ್ನ ಅವ್ನಿಗೆ ಎರಡು ಸಲ ಓದಿ ಹೇಳಿ. ರೇಂಜ್‌ನಲ್ಲಿ ಪ್ರಾಕ್ಟೀಸ್‌ಗೆ ಅಗ್ಗಕ್ಕೆ ಸಿಗೋದು ಎಫ್‌ಎಂಜೆ, ಅಂದ್ರೆ ಸೀಸದ ಮೂತಿ ಪೂರ್ತಿ ತಾಮ್ರದ ಕವಚದಲ್ಲಿ ಮುಚ್ಚಿರೋದು. ಅದು ಜಿಂಕೆಗೆ ತಾಗಿದ್ರೆ ದಬ್ಬಳ ಚುಚ್ಚಿದಂಗೆ ಈ ಕಡೆಯಿಂದ ಆ ಕಡೆಗೆ ಹೋಗುತ್ತೆ, ಪ್ರಾಣಿ ಎಲ್ಲೋ ಅರ್ಧ ಮೈಲಿ ಓಡಿ ಪೊದೇಲಿ ಬಿದ್ದು ಒದ್ದಾಡಿ ಸಾಯುತ್ತೆ, ಸಿಗೋದೂ ಇಲ್ಲ. ಹಲವು ರಾಜ್ಯಗಳಲ್ಲಿ ಜಿಂಕೆಗೆ ಅದನ್ನ ಹಾಕೋದು ನಿಷೇಧ. ಬೇಕಾಗಿರೋದು ಸಾಫ್ಟ್ ಪಾಯಿಂಟ್. ಮೂತೀಲಿ ಬೂದು ಬಣ್ಣದ ಸೀಸ ಕಾಣುತ್ತೆ, ಉಗುರಲ್ಲಿ ಒತ್ತಿದ್ರೆ ಗುರುತು ಬೀಳುತ್ತೆ, ಒಳಗೆ ಹೋದ್ಮೇಲೆ ಮಳೆಗಾಲದ ಅಣಬೆ ತರ ಅರಳುತ್ತೆ. ತುದೀಲಿ ಬಣ್ಣದ ಪ್ಲಾಸ್ಟಿಕ್ ಇರೋವೂ ಇದಾವೆ, ಅವೂ ಅರಳೋ ಜಾತಿನೇ, ದುಡ್ಡು ಜಾಸ್ತಿ. ನೂರೈವತ್ತು ಗಜದೊಳಗೆ ಕೂತು ಹೊಡೆಯೋನಿಗೆ ಸಾದಾ ಸಾಫ್ಟ್ ಪಾಯಿಂಟ್ ಧಾರಾಳ ಸಾಕು.

ಕಂಪನಿ ಯಾವ್ದು ಅಂತ ನಾನು ಹೇಳಲ್ಲ, ಯಾಕಂದ್ರೆ ಅದನ್ನ ಹೇಳ್ಬೇಕಾಗಿರೋದು ರೈಫಲ್ಲು. ಒಂದು ಹಸು ಬೂಸಾ ಇಟ್ರೆ ತಿನ್ನುತ್ತೆ, ಇನ್ನೊಂದು ಹಿಂಡಿ ಇಲ್ದೆ ಬಾಯೇ ಹಾಕಲ್ಲ, ನಳಿಗೆನೂ ಹಾಗೇ. ಮೂರು ಕಂಪನಿದು ಒಂದೊಂದು ಬಾಕ್ಸ್ ತಗೊಂಡು, ಬಾಕ್ಸಿಗೆ 20 ಇರುತ್ತೆ, ನೂರು ಗಜದಲ್ಲಿ ಮರಳು ಚೀಲದ ಮೇಲೆ ಇಟ್ಟು ಮೂರ್ಮೂರು ಈಡು ಹೊಡೀಲಿ, ನಳಿಗೆ ಆರೋಕೆ ಬಿಟ್ಟು ಇನ್ನೊಂದು ಸಲ. ಯಾವ್ದರ ಮೂರು ತೂತು ಒಂದಕ್ಕೊಂದು ಹತ್ರ ಬೀಳುತ್ತೋ ಅದೇ. ಆಮೇಲೆ ಬಾಕ್ಸ್ ಮೇಲಿನ ಲಾಟ್ ನಂಬರ್ ನೋಡಿ ಅದೇ ಲಾಟಿನ ನಾಲ್ಕೈದು ಬಾಕ್ಸ್ ಎತ್ತಿಟ್ಕೊಳ್ಳಿ. ಗುಂಡು ಬದಲಾದ್ರೆ ಗುರಿನೂ ಬದಲಾಗುತ್ತೆ, ನಮ್ಮಳಿಯ ಇದೊಂದು ವಿಷ್ಯಕ್ಕೆ ಒಂದು ಇಡೀ ಸೀಸನ್ ಕಳ್ಕೊಂಡ, ರೇಂಜ್‌ನಲ್ಲಿ ಒಂದು ಗುಂಡಲ್ಲಿ ಗುರಿ ಕೂರ್ಸಿ ಕಾಡಿಗೆ ಇನ್ನೊಂದು ತಗೊಂಡು ಹೋಗಿದ್ದ.

ಇನ್ನು ಆ 6-24×50 ಸ್ಕೋಪು. ಬೇಡ ಅಂದ್ರೆ ಬೇಡ. 6ರಿಂದ 24 ಅಂದ್ರೆ ಎಷ್ಟು ಪಟ್ಟು ದೊಡ್ಡದಾಗಿ ತೋರ್ಸುತ್ತೆ ಅನ್ನೋ ಪವರ್. ಮುಂದಿನ ಗಾಜಿನ ಅಗಲ 50 ಮಿಲಿಮೀಟರ್, ಅದನ್ನ ಪವರ್‌ನಿಂದ ಭಾಗಿಸಿದ್ರೆ ಕಣ್ಣಿಗೆ ಬರೋ ಬೆಳಕಿನ ತೂತಿನ ಅಗಲ ಸಿಗುತ್ತೆ. 24ಕ್ಕೆ ತಿರುಗಿಸಿದ್ರೆ ಎರಡೇ ಎರಡು ಮಿಲಿಮೀಟರ್. ಟೆಕ್ಸಾಸ್‌ನಲ್ಲಿ ಜಿಂಕೆ ಹೊಡೆಯೋಕೆ ಸೂರ್ಯ ಹುಟ್ಟೋ ಅರ್ಧ ಗಂಟೆ ಮುಂಚಿಂದ ಮುಳುಗಿ ಅರ್ಧ ಗಂಟೆವರೆಗೂ ಟೈಮು, ಜಿಂಕೆ ಹೊರಗೆ ಬರೋದೂ ಆ ಮಬ್ಬಲ್ಲೇ, ಆವಾಗ ಹುಡುಗ್ರ ಕಣ್ಣಿನ ಪಾಪೆ ಏಳು ಮಿಲಿಮೀಟರ್‌ವರೆಗೂ ಅರಳಿರುತ್ತೆ. ಏಳಕ್ಕೆ ಎರಡು ಕೊಟ್ರೆ ಕತ್ತಲೆ ತಾನೇ. ಅದೇ ಮಾಮೂಲಿ 3-9×40 ತಗೊಂಡು ನಾಲ್ಕಕ್ಕೆ ಇಟ್ರೆ ಹತ್ತು ಮಿಲಿಮೀಟರ್ ಬೆಳಕು. ಅಂಗಡೀಲೇ ನೋಡ್ಬಹುದು: ರೈಫಲ್‌ಗೆ ಹಾಕ್ದೆ ಇರೋ ಸ್ಕೋಪನ್ನ ಒಂದು ಮೊಳ ದೂರ ಹಿಡ್ದು ಬಾಗಿಲ ಕಡೆ ತಿರುಗಿಸಿ, ಹಿಂದಿನ ಗಾಜಿನ ಮಧ್ಯ ಬೆಳ್ಳಗೆ ಒಂದು ಚುಕ್ಕೆ ಕಾಣುತ್ತೆ, ಪವರ್ ಏರಿಸ್ತಾ ಹೋದ್ರೆ ಅದು ಕಡ್ಲೆಕಾಳಿಂದ ರಾಗಿಕಾಳಾಗುತ್ತೆ. ಜೊತೆಗೆ ಪವರ್ ಜಾಸ್ತಿ ಆದಷ್ಟೂ ಕಾಣೋ ಜಾಗ ಕಿರಿದಾಗುತ್ತೆ, ಜಿಂಕೆ ಎರಡು ಹೆಜ್ಜೆ ಇಟ್ರೆ ಹುಡುಕ್ತಾ ಕೂರ್ಬೇಕು.

ಉಳಿಸಿದ ದುಡ್ಡಲ್ಲಿ ಸ್ಕೋಪನ್ನ ರೈಫಲ್‌ಗೆ ಹಿಡಿದಿಡೋ ಗಟ್ಟಿ ರಿಂಗು, ಬೇಸು ಹಾಕಿಸ್ಲಿ. ಗುರಿ ತಪ್ತು ಅಂತ ಸ್ಕೋಪ್‌ನ ಬೈಯೋರಲ್ಲಿ ಅರ್ಧಕ್ಕರ್ಧ ಜನದ್ದು ಸ್ಕ್ರೂ ಲೂಸಾಗಿರುತ್ತೆ. ಇನ್ನೊಂದು, ಕಣ್ಣಿಗೂ ಹಿಂದಿನ ಗಾಜಿಗೂ ಮಧ್ಯ ಮೂರೂವರೆ ಇಂಚಾದ್ರೂ ಜಾಗ ಇರ್ಬೇಕು. ನಾನು ದೊಡ್ಡ ಮನುಷ್ಯನ ತರ ಅಳಿಯನ ರೈಫಲ್ ತಗೊಂಡು ಕತ್ತು ಮುಂದೆ ಚಾಚಿ ಕುದುರೆ ಎಳೆದೆ ನೋಡಿ, ಸ್ಕೋಪಿನ ಅಂಚು ಬಂದು ಹುಬ್ಬಿನ ಮೇಲೆ ಬಡೀತು, ರಕ್ತ ಮೂಗಿನ ತುದಿಗೆ ಬಂತು. ಅರ್ಧಚಂದ್ರದ ಗುರುತು ಇನ್ನೂ ಇದೆ, ಮನೆಯವ್ಳು ಇವತ್ತಿಗೂ ಅದನ್ನ ನೋಡಿ ಬಾಯಿಗೆ ಸೆರಗು ಅಡ್ಡ ಹಿಡೀತಾಳೆ.

ಗುರಿ ಕೂರ್ಸೋದು ಮೊದ್ಲು 25 ಗಜದಲ್ಲಿ, ಆಮೇಲೆ ನೂರಕ್ಕೆ. ಸ್ಕೋಪಿನ ತಿರುಪಿನ ಒಂದು ಕ್ಲಿಕ್ಕಿಗೆ ನೂರು ಗಜದಲ್ಲಿ ಕಾಲು ಇಂಚು ಸರಿಯುತ್ತೆ, ಆದ್ರೆ 25 ಗಜದಲ್ಲಿ ಒಂದು ಇಂಚು ಸರಿಸೋಕೆ 16 ಕ್ಲಿಕ್ ಬೇಕು, ಇದು ಗೊತ್ತಿಲ್ದೆ ಹೊಸಬರು ಒಂದು ಬಾಕ್ಸ್ ಸುಡ್ತಾರೆ. ನೂರು ಗಜದಲ್ಲಿ ಎರಡು ಇಂಚು ಮೇಲೆ ಬೀಳೋ ಹಾಗೆ ಇಟ್ರೆ ಇನ್ನೂರಕ್ಕೆ ಹೆಚ್ಚುಕಮ್ಮಿ ನೇರ, ಮುನ್ನೂರಕ್ಕೆ ಒಂದು ಗೇಣು ಕೆಳಗೆ. ಮುನ್ನೂರರ ಯೋಚ್ನೆ ಮೊದಲ್ನೇ ವರ್ಷ ಮಾಡೋದೇ ಬೇಡ. ಮುಂಗಾಲಿನ ಹಿಂದೆ ಹೃದಯ, ಶ್ವಾಸಕೋಶ ಇರೋ ಜಾಗ ತಿಂಡಿ ತಟ್ಟೆಯಷ್ಟು, ಆ ಅಳತೆಗೆ ಒಂದು ರಟ್ಟು ಕತ್ತರಿಸ್ಕೊಂಡು ಹತ್ತಕ್ಕೆ ಹತ್ತು ಎಷ್ಟು ದೂರದಿಂದ ಹೊಡೀತಾನೋ ಅಷ್ಟೇ ಅವನ ದೂರ. ಮತ್ತೆ ಪೊದೇಲಿ ಅಲ್ಲಾಡಿದ್ದು ಏನು ಅಂತ ಸ್ಕೋಪಲ್ಲಿ ನೋಡೋ ಚಟ ಬೇಡ, ಅಲ್ಲಿರೋದು ಮನುಷ್ಯ ಆದ್ರೆ ನಳಿಗೆ ಅವನ ಎದೆಗೇ ತಿರುಗಿರುತ್ತೆ. ಅದಕ್ಕೆ ಬೈನಾಕ್ಯುಲರ್ ಇರೋದು.

ಒಂದು ಮಾತು ಜಾಸ್ತಿ ಆಯ್ತು ಅನ್ಕೋಬೇಡಿ. ನಾನು ಕೂತಿದ್ದ ಜಾಗಕ್ಕೆ ಅಲ್ಲಿ ಬ್ಲೈಂಡ್ ಅಂತಾರೆ, ಮರೇಲಿ ಕಾದು ಕೂರೋ ನಮ್ಮ ಮರಸೇ, ಒಳಗೆ ಕುರ್ಚಿ ಇರುತ್ತೆ ಅಷ್ಟೇ. ಸಂಜೆ ಐದೂವರೆಗೆ ಹಿಂಡು ಬಂತು, ನೋಡಿದ್ರೆ ಮೈ ತುಂಬಾ ಬಿಳಿ ಚುಕ್ಕೆ! ನಮ್ಮ ಮುತ್ತೋಡಿಯ ಜಿಂಕೆ. 1932ರಲ್ಲಿ ಅಲ್ಲಿಗೆ ತಂದು ಬಿಟ್ಟಿದ್ದಂತೆ, ಆಕ್ಸಿಸ್ ಅಂತಾರೆ, ಹೊರಗಿಂದ ಬಂದಿದ್ದು ಅಂತ ಅದಕ್ಕೆ ಸೀಸನ್ನೇ ಇಲ್ಲ, ವರ್ಷಪೂರ್ತಿ ಹೊಡೀಬಹುದು. ಒಂದು ಹೆಣ್ಣು ನಮ್ಮ ವಾಸನೆ ಹಿಡ್ದು ಕೂಗ್ತು ನೋಡಿ, ಹುಲಿ ಕಂಡಾಗ ಕೂಗೋ ಅದೇ ಕೂಗು. ಹುಲಿ ಮುಖನೇ ನೋಡಿರ್ದ ಟೆಕ್ಸಾಸ್ ಜಿಂಕೆ. ಅಳಿಯ ಹೊಡೀರಿ ಮಾವ ಅಂದ, ನನ್ನ ಕೈ ಬರ್ಲಿಲ್ಲ. ನಿಮ್ಮ ಮಗ ಹೊಡೆದ್ರೆ ಹೊಡೀಲಿ, ಅಲ್ಲಿ ಅದು ತಪ್ಪಲ್ಲ, ಆದ್ರೆ ಆ ಕೊಂಬನ್ನ ಊರಿಗೆ ತರೋದು ಬೇಡ. ಸಕಲೇಶಪುರದ ಮನೆ ಗೋಡೆ ಮೇಲೆ ಜಿಂಕೆ ಕೊಂಬು ಕಂಡ್ರೆ ಫಾರೆಸ್ಟಿನವ್ರು ಅದು ಟೆಕ್ಸಾಸ್‌ದು ಅಂತ ನಂಬ್ತಾರಾ? ಹೊರಡೋ ಮುಂಚೆ ಜಾಕೆಟ್ ಜೇಬು, ಬ್ಯಾಗಿನ ಮೂಲೆ ಎಲ್ಲಾ ತಡಕಾಡ್ಲಿ, ಬೆಂಗ್ಳೂರು ಏರ್‌ಪೋರ್ಟಲ್ಲಿ ಮರೆತ ಒಂದೇ ಒಂದು ತೋಟಾ ಸಿಕ್ರೂ ಆರ್ಮ್ಸ್ ಆಕ್ಟ್ ಕೇಸು.

ಪ್ರಶ್ನೆ: ನಮ್ಮ ಭಾವ ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಅಲ್ಲಿ ಸೀಸದ ಗುಂಡು ಬಿಟ್ಟು ತಾಮ್ರದ್ದೇ ತಗೋಬೇಕಂತೆ. ದುಡ್ಡು ಕೀಳೋ ಉಪಾಯನಾ ಇದು? — ಚಿಕ್ಕಮಗಳೂರು

ಉತ್ತರ: ಉಪಾಯ ಅಲ್ಲ, 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಯಾವ ಶಿಕಾರಿಗೂ ಸೀಸ ಇಲ್ಲ. ಸೀಸದ ಗುಂಡು ಒಳಗೆ ಅರಳುವಾಗ ಪುಡಿಪುಡಿಯಾಗಿ ಮಾಂಸದಲ್ಲಿ ಚೆದುರುತ್ತೆ. ಶಿಕಾರಿಯವ್ರು ಬಿಟ್ಟು ಹೋದ ಕರುಳು, ಪಚ್ಚಿ ತಿಂದು ಕಾಂಡರ್ ಅನ್ನೋ ಅಲ್ಲಿನ ದೊಡ್ಡ ರಣಹದ್ದುಗಳು ಸೀಸದ ವಿಷಕ್ಕೆ ಸಾಯ್ತಿದ್ವು. ನಮ್ಮಲ್ಲಿ ದನಕ್ಕೆ ಕೊಡ್ತಿದ್ದ ಡೈಕ್ಲೋಫೆನಾಕ್‌ನಿಂದ ರಣಹದ್ದು ಸತ್ತು 2006ರಲ್ಲಿ ಅದನ್ನ ನಿಲ್ಲಿಸಿದ್ರಲ್ಲ, ಹೆಚ್ಚುಕಮ್ಮಿ ಅದೇ ಕಥೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತೆ, ಹಾಗಾಗಿ .308ಕ್ಕೆ 150ರ ಬದ್ಲು 130 ಗ್ರೇನ್ ಹಾಕ್ಲಿ. ಅರಳೋಕೆ ವೇಗ ಬೇಕು, ದೂರದ ಈಡು ಬೇಡ. ಮನೇಲಿ ಮಕ್ಕಳು ಆ ಮಾಂಸ ತಿನ್ನೋದಾದ್ರೆ ಕಾನೂನು ಇಲ್ದಿರೋ ರಾಜ್ಯದಲ್ಲೂ ನಾನು ತಾಮ್ರನೇ ಅಂತೀನಿ.

ಪ್ರಶ್ನೆ: ಆಲ್ದೂರು ಹೋಬಳಿ, ಗದ್ದೆಗೆ ಕಡವೆ ಕಾಟ ತಡ್ಯೋಕಾಗ್ತಿಲ್ಲ. ಬೆಳೆ ರಕ್ಷಣೆ ಲೈಸೆನ್ಸಿನ 12 ಬೋರ್ ಕೋವಿ ಇದೆ, ರಾತ್ರಿ ಕಾಣೋ ಸ್ಕೋಪ್ ಹಾಕಿಸ್ಬಹುದಾ, ಯಾವ ತೋಟಾ ಒಳ್ಳೇದು?

ಉತ್ತರ: ಕಡವೆಗೆ ಯಾವ ತೋಟಾನೂ ಒಳ್ಳೇದಲ್ಲ ಸ್ವಾಮಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಕಡವೆ, ಜಿಂಕೆ, ಕಾಡುಕುರಿ, ಬರ್ಕ ಯಾವ್ದನ್ನೂ ಹೊಡೆಯೋ ಹಾಗಿಲ್ಲ. ಲೈಸೆನ್ಸಲ್ಲಿ ಬೆಳೆ ರಕ್ಷಣೆ ಅಂತ ಬರ್ದಿದ್ರೆ ಕೋವಿ ಇಟ್ಕೊಳ್ಳೋಕೆ ಕಾರಣ ಅದು ಅಂತ, ಶಿಕಾರಿಗೆ ಪರವಾನಗಿ ಅಂತ ಅಲ್ಲ. ಜೈಲು, ದಂಡ, ಕೋವಿನೂ ಹೋಗುತ್ತೆ. ಚರೆ ಕೋವಿಗೆ ಸ್ಕೋಪ್ ಹಾಕೋದೇ ವ್ಯರ್ಥ ಬಿಡಿ, ನಲ್ವತ್ತು ಗಜ ದಾಟಿದ್ರೆ ಚರೆ ಚೆಲ್ಲಾಪಿಲ್ಲಿ. ಹಾಳಾದ ಗದ್ದೆಯ ಫೋಟೋ ಅವತ್ತೇ ತೆಗೀರಿ, ಪಹಣಿ ಜೊತೆ ವಲಯ ಅರಣ್ಯಾಧಿಕಾರಿ ಆಫೀಸಿಗೆ ಪರಿಹಾರದ ಅರ್ಜಿ ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ಅಲ್ಲಿಂದ ಏಳ್ಬೇಡಿ. ಪರಿಹಾರ ನಷ್ಟದ ಕಾಲುಭಾಗಕ್ಕೂ ಸಾಲಲ್ಲ ಅನ್ನೋದು ನನ್ಗೂ ಗೊತ್ತು, ನನ್ನ ಗದ್ದೇಲೂ ಓಡಾಡ್ತವೆ.

ಪ್ರಶ್ನೆ: ಅಟ್ಟದಲ್ಲಿ ತಾತನ ಕಾಲದ ಕಾಗದದ ತೋಟಾ ಒಂದು ಡಬ್ಬ ಸಿಕ್ತು. ಕೋವಿ ಯಾವತ್ತೋ ಸರೆಂಡರ್ ಆಗಿದೆ. ಬಿಸಿಲಿಗೆ ಒಣಗಿಸಿದ್ರೆ ಕೆಲ್ಸ ಮಾಡ್ತಾವಾ? — ಅರಕಲಗೂಡು

ಉತ್ತರ: ತಾತಂದಿರು ತೋಟಾನ ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡ್ತಿದ್ದಿದ್ದು ನಿಜ, ಮನೆ ಉಳ್ಕೊಂಡಿದ್ದು ಅವ್ರ ಪುಣ್ಯ. ನೀವು ಒಣಗಿಸ್ಬೇಡಿ, ಬಿಚ್ಬೇಡಿ, ಒಲೆಗೆ ಬಾವಿಗೆ ಹಾಕ್ಬೇಡಿ. ಲೈಸೆನ್ಸ್ ಇಲ್ದೆ ತೋಟಾ ಇಟ್ಕೊಳ್ಳೋದೂ ಅಪರಾಧನೇ. ತಾತನ ಹಳೇ ಲೈಸೆನ್ಸ್ ಪುಸ್ತಕ ಇದ್ರೆ ಅದನ್ನ ತಗೊಂಡು ಸ್ಟೇಷನ್ನಿಗೆ ಹೋಗಿ ಹೀಗೆ ಸಿಕ್ಕಿದೆ ಅಂತ ಬರ್ದು ಕೊಡಿ. ಡಬ್ಬನ ಬಸ್ಸಲ್ಲಿ ಹೊತ್ಕೊಂಡು ಹೋಗ್ಬೇಡಿ, ಅವ್ರೇ ಬಂದು ತಗೊಂಡು ಹೋಗ್ಲಿ.